ಎಣಿಸದ ಹಟ್ಟಿ

ಮರೋಳದ ಹುಚ್ಚವ್ವನ ಹಟ್ಟಿಯಲ್ಲಿ ಕುರಿ ಎಷ್ಟಿವೆ ಎಂದು ಯಾರಾದರೂ ಕೇಳಿದರೆ, ಬೀರಪ್ಪ ದೇವರು ಕೊಟ್ಟಷ್ಟು ಅನ್ನುತ್ತಿದ್ದಳು. ಮತ್ತೂ ಕೆದಕಿದವರಿಗೆ ಆ ಮನೆಯಲ್ಲಿ ಚಹಾ ಸಿಗುತ್ತಿರಲಿಲ್ಲ. ಬೊಟ್ಟು ಮಾಡಿ ಎಣಿಸಿದರೆ ಕುರಿಗೆ ಕೇಡು ಎಂಬುದು ಅವಳ ಅತ್ತೆಯ ಕಾಲದಿಂದ ಬಂದ ಮಾತು. ಸಂಜೆ ಒಂದು ಕುರಿ ಬಾರದಿದ್ದರೆ ಮುದುಕಿಗೆ ಮುಖಗಳನ್ನು ನೋಡಿಯೇ ತಿಳಿಯುತ್ತಿತ್ತು. ಮುಖ ಗೊತ್ತಿದ್ದವರಿಗೆ ಲೆಕ್ಕ ಯಾಕೆ ಬೇಕು?

ಆದರೆ ಮೊಮ್ಮಗ ಹಣಮೇಶನಿಗೆ ಬೇಕಾಯಿತು. ಡಿಗ್ರಿ ಮುಗಿಸಿ ಮೂರು ವರ್ಷ ಖಾಲಿ ಕೂತವನಿಗೆ ಬಾಗಲಕೋಟೆಯ ಕುರಿ ಸಾಕುವವರ ಸಂಘವೊಂದರಿಂದ ಸಂದರ್ಶನಕ್ಕೆ ಕರೆ ಬಂದಿತ್ತು. ಇದನ್ನು ಬಿಟ್ಟರೆ ಕೆಟ್ಟೆ ಎಂದು ತಿಂಗಳು ಪೂರ್ತಿ ಟೊಂಕ ಕಟ್ಟಿ ಓದಿದ. ಯಾವ ರೋಗಕ್ಕೆ ಯಾವ ಲಸಿಕೆ, ಯಾವ ತಿಂಗಳಲ್ಲಿ, ಎಲ್ಲ ಬಾಯಿಪಾಠ. ಇಂಥ ಕಚೇರಿಗಳನ್ನು ಕಂಡಿದ್ದ ಇಳಕಲ್ಲಿನ ಗೆಳೆಯ ಅಶ್ಫಾಕ ಕುರ್ಚಿಯಲ್ಲಿ ಸಾಹೇಬನಂತೆ ಕೂತು ಪರೀಕ್ಷೆ ಮಾಡಿದ. ಉತ್ತರಗಳು ಪಟಪಟ ಬಂದವು. ಕೊನೆಗೆ, ಮನೆಯಲ್ಲಿ ಕುರಿ ಎಷ್ಟು ಎಂದ. ಹಣಮೇಶ ಬೀರಪ್ಪನ ಹೆಸರು ಹೇಳಿದ.

"ಲೇ, ತನ್ನ ಕುರಿ ಎಷ್ಟಂತ ಗೊತ್ತಿಲ್ದಾಂವಗ ಮಂದಿ ಕುರಿ ಯಾರ ಒಪ್ಪಸ್ತಾರ?" ಎಂದ ಅಶ್ಫಾಕ.

ಮರುದಿನ ಬೆಳಿಗ್ಗೆ ಅಜ್ಜಿ ನೀರಿಗೆ ಹೋದದ್ದನ್ನು ನೋಡಿಕೊಂಡು ಹಣಮೇಶ ಹಟ್ಟಿಯ ಬೇಲಿಯ ಹತ್ತಿರ ನಿಂತು ಎಣಿಸಿದ. ನಲವತ್ತಮೂರು. ತಪ್ಪಾಗಬಾರದೆಂದು ಇನ್ನೊಮ್ಮೆ ಎಣಿಸಿದ. ತಯಾರಿ ಎಂದಮೇಲೆ ಪಕ್ಕಾ ಇರಬೇಕಲ್ಲ!

ಬಾಗಲಕೋಟೆಯಲ್ಲಿ ಸಾಹೇಬರು ಅದನ್ನೇ ಮೊದಲು ಕೇಳಿದರು. ಅವನು ತಡವರಿಸದೆ ಹೇಳಿದ.

ಮೂರನೇ ದಿನ ಕೆಂಚಿ ಎಂಬ ಕುರಿ ಸತ್ತಿತು. ತಾಯಿಯಿಲ್ಲದ ಮರಿಯನ್ನು ಹುಚ್ಚವ್ವ ಮೇಕೆ ಹಾಲು ಕುಡಿಸಿ, ಮಡಿಲಲ್ಲಿ ಇಟ್ಟುಕೊಂಡು ಸಾಕಿದ್ದಳು. ಕೊಯ್ದ ಜೋಳದ ಹೊಲದಲ್ಲಿ ಮತ್ತೆ ಒಡೆದ ಚಿಗುರನ್ನು ತಿಂದಿತ್ತು. ಆ ಎಳೆ ಚಿಗುರಿನಲ್ಲಿ ವಿಷವಿರುತ್ತದೆ ಎಂದು ಹಣಮೇಶ ಓದಿಯೇ ಇದ್ದ. ಅಜ್ಜಿಗೂ ಅದು ಗೊತ್ತು. ಆದರೆ ದಿನಾ ಅದೇ ಹಾದಿಯಲ್ಲಿ ಹೋಗುವ ಕುರಿ ಅವತ್ತೇ ಯಾಕೆ ಬಾಯಿ ಹಾಕಿತು ಎಂದು ಅವಳು ಕೇಳಿದಳು. ಯಾರೋ ಎಣಿಸಿದ್ದಾರೆ ಎಂದಳು. ಹಿಂದಿನ ವಾರ ಮರಿ ನೋಡಲು ಬಂದಿದ್ದ ಹುನಗುಂದದ ವ್ಯಾಪಾರಿ ಯಂಕಪ್ಪನ ಮೇಲೆ ಅವಳ ಸಂಶಯ ಹೋಯಿತು. ಮೂವತ್ತು ವರ್ಷ ಆ ಮನೆಯಲ್ಲಿ ರೊಟ್ಟಿ ತಿಂದವನು ಸುದ್ದಿ ಕೇಳಿ ಮಾತನಾಡಿಸಲು ಬಂದರೆ, ನನ್ನ ಹಟ್ಟಿ ಎಣಿಸಿದವನು ನನ್ನ ಹೊಸ್ತಿಲು ತುಳಿಯಬಾರದು ಎಂದು ಒಂದು ತಂಬಿಗೆ ನೀರೂ ಕೊಡದೆ ತಿರುಗಿಸಿ ಕಳಿಸಿದಳು. ಯಂಕಪ್ಪ ಬಂದ ಹಾದಿ ಹಿಡಿದ. ಹಣಮೇಶ ಬಾಗಿಲ ಹಿಂದೆ ನಿಂತಿದ್ದ. ಬಾಯಿ ತೆರೆಯಲಿಲ್ಲ.

ನೌಕರಿಯ ಕಾಗದ ಬಂತು. ಅಜ್ಜಿ ಅವನ ಬಾಯಿಗೆ ಸಕ್ಕರೆ ಹಾಕಿದಳು. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ಆಯಿ, ಎಣಿಸಿದಾಂವ ನಾ. ಯಂಕಪ್ಪ ಕಾಕಾ ಅಲ್ಲ."

ಅಜ್ಜಿ ಸಕ್ಕರೆ ಡಬ್ಬಿಯ ಮುಚ್ಚಳ ಹಾಕಿದಳು.

"ಕುರಿ ಹೋತು, ಹೋಗಲಿ," ಎಂದಳು ಆಮೇಲೆ. "ಬಾಗಲಕ್ಕ ಬಂದಾಂವನ್ನ ನೀರ ಕೊಡದ ಕಳಿಸಿದ್ನೆಲ್ಲೋ. ನೀ ಅಲ್ಲೇ ನಿಂತ ನೋಡಿದಿ."

ಅವನ ಉತ್ತರಕ್ಕೆ ಕಾಯದೆ ಸೆರಗು ಹೊದ್ದು ಹೊರಟಳು. ಸಂದರ್ಶನದ ಇಸ್ತ್ರಿ ಅಂಗಿಯನ್ನೇ ತೊಟ್ಟು ಅವನೂ ಹಿಂದೆ ನಡೆದ. ಇಬ್ಬರೂ ಹುನಗುಂದದ ಬಸ್ಸು ಹತ್ತಿದರು. ಹೇಗೆ ಶುರು ಮಾಡುವುದೆಂದು ಅವನು ಹಾದಿಯುದ್ದಕ್ಕೂ ಮಾತು ಜೋಡಿಸಿದ, ಒಂದೂ ನಿಲ್ಲಲಿಲ್ಲ.

ಯಂಕಪ್ಪನ ಮನೆಯ ಕಟ್ಟೆಯ ಮೇಲೆ ಕೂತರೋ ಇಲ್ಲವೋ, ಅವನ ಹೆಂಡತಿ ಚಂದವ್ವ ಎರಡು ತಂಬಿಗೆ ನೀರು ತಂದಿಟ್ಟಳು. ಬಿಸಿಲಲ್ಲಿ ಬಂದಿದ್ದೀರಿ, ಮೊದಲು ಕುಡಿಯಿರಿ ಎಂದಳು. ಹುಚ್ಚವ್ವ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದಳು, ಕುಡಿಯಲಿಲ್ಲ, ಮೊಮ್ಮಗನನ್ನು ನೋಡಿದಳು.

ಒಳಗಿನಿಂದ ಬಂದ ಯಂಕಪ್ಪ ಹಳೆಯದನ್ನು ಎತ್ತಲೇ ಇಲ್ಲ. ಹಣಮೇಶನ ಬೆನ್ನು ತಟ್ಟಿದ.

"ನೌಕರಿ ಹತ್ತೇತಂತಲ್ಲಪಾ, ಭಾಳ ಛಲೋ ಆತು. ಏನ ಕೇಳಿದ್ರು ಅಲ್ಲಿ?"

"ಮನ್ಯಾಗ ಕುರಿ ಎಷ್ಟ ಅದಾವಂತ ಕೇಳಿದ್ರು, ಕಾಕಾ," ಎಂದ ಹಣಮೇಶ. "ನಾನ ಎಣಿಸಿದ್ದೆ, ಹೇಳಿದೆ."

ಯಂಕಪ್ಪನ ಕೈ ಅವನ ಬೆನ್ನ ಮೇಲೇ ನಿಂತಿತು.