ಎರಡು ಗುಂಡಿಯ ಯಂತ್ರ

ಅವಸರದಲ್ಲಿ ಉಳಿಸಿದ್ದು ಅರ್ಧ ಗಂಟೆ. ಅದಕ್ಕೆ ತೆತ್ತದ್ದು ತಮ್ಮನ ಎಡಗೈಯ ಎರಡು ಬೆರಳ ತುದಿ, ಆಸ್ಪತ್ರೆಯಲ್ಲಿ ಹನ್ನೊಂದು ದಿನ, ಜೊತೆಗೆ ಅಕ್ಕನ ನೆಮ್ಮದಿ.

ಇಬ್ಬರದೂ ಸೇರಿ ಒಂದು ಬೈಂಡಿಂಗ್ ಅಂಗಡಿ. ಕಾಗದ ಕತ್ತರಿಸುವ ಯಂತ್ರಕ್ಕೆ ಎರಡು ಗುಂಡಿ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಬ್ಲೇಡು ಇಳಿಯುತ್ತದೆ. ಕೈ ಒಳಗಿರಬಾರದೆಂದೇ ಆ ಏರ್ಪಾಡು. ಆವತ್ತು ಶಾಲೆಯೊಂದರ ನೋಟುಪುಸ್ತಕಗಳು ಸಂಜೆಯೊಳಗೆ ಹೋಗಬೇಕಿತ್ತು. ಒಂದು ಕೈ ಖಾಲಿ ಇರಲೆಂದು ಅಕ್ಕ ಒಂದು ಗುಂಡಿಯ ಪಕ್ಕದ ಸಂದಿನಲ್ಲಿ ರಟ್ಟಿನ ಚೂರು ಸಿಕ್ಕಿಸಿ ಅದನ್ನು ಅಮುಕಿಟ್ಟಳು. ಊಟಕ್ಕೆ ಎದ್ದಾಗ ತೆಗೆಯಲು ಮರೆತಳು. ಅವಳ ಜಾಗದಲ್ಲಿ ತಮ್ಮ ನಿಂತ. ಎಡಗೈಯಲ್ಲಿ ಕಾಗದ ಸರಿಪಡಿಸುವಾಗ ಅವನ ಬಲಗೈ ಇನ್ನೊಂದು ಗುಂಡಿಗೆ ತಾಗಿತು.

ಆಮೇಲೆ ಏಳು ತಿಂಗಳು ಅಕ್ಕ ಯಂತ್ರ ಮುಟ್ಟಲಿಲ್ಲ. ಕತ್ತರಿಸುವುದನ್ನೆಲ್ಲ ಹೊರಗೆ ಕಳಿಸಿದಳು. ತಮ್ಮನ ತಟ್ಟೆ ತೊಳೆದಳು, ಚಪ್ಪಲಿ ಎತ್ತಿಟ್ಟಳು, ಅವನ ಕೈ ಕಂಡಾಗಲೆಲ್ಲ ಕಣ್ಣೊರೆಸಿಕೊಂಡಳು.

ಒಂದು ಬೆಳಿಗ್ಗೆ ತಮ್ಮ ಹೇಳಿಯೇಬಿಟ್ಟ: "ಅಕ್ಕಾ, ಬರೋ ತಿಂಗಳಿಂದ ನಾನು ಬೇರೆ ಕಡೆ ಕೆಲಸಕ್ಕೆ ಹೋಗ್ತೀನಿ."

"ನನ್ನ ಮೇಲೆ ಸಿಟ್ಟಾ?"

"ಸಿಟ್ಟು ಆಸ್ಪತ್ರೇಲೇ ತೀರ್ತು. ಬೆರಳು ಹೋಗಿದ್ದೂ ನಂದೇ, ದಿನಾ ನಿನ್ನ ಸಮಾಧಾನ ಮಾಡೋನೂ ನಾನೇ. ಸಾಕಾಗಿಹೋಗಿದೆ ಕಣೇ."

"ತಪ್ಪು ನಂದಲ್ವೇನೋ?"

"ನಿಂದೇ. ಅಲ್ಲ ಅಂದೋರ್ಯಾರು? ನಾನು ಕ್ಷಮಿಸಿ ಎಷ್ಟೋ ದಿನ ಆಯ್ತು. ನಿನ್ನನ್ನ ನೀನು ಕ್ಷಮಿಸ್ಕೊಳ್ಳೋಕೆ ನಾನೇನು ಅರ್ಜಿ ಹಾಕ್ಬೇಕಾ?"

ಅಕ್ಕ ಎದ್ದು ಯಂತ್ರದ ಮುಸುಕು ತೆಗೆದಳು. ಗುಂಡಿಯ ಪಕ್ಕದ ಸಂದು ಹಾಗೇ ಇತ್ತು. ಇಷ್ಟು ದಿನ ಅತ್ತಿದ್ದಳು, ಆ ಸಂದನ್ನು ಮುಚ್ಚಿರಲಿಲ್ಲ. ನಾಳೆ ಇನ್ಯಾರಾದರೂ ಅಲ್ಲಿ ರಟ್ಟು ಸಿಕ್ಕಿಸಬಹುದಿತ್ತು.

ಅಂದೇ ಮೆಕ್ಯಾನಿಕ್ಕನ್ನು ಕರೆಸಿ ಎರಡೂ ಗುಂಡಿಗಳ ಸುತ್ತ ಕಬ್ಬಿಣದ ಬಳೆ ಕೂರಿಸಿದಳು. ಬೆರಳು ಹೋಗಬೇಕು, ರಟ್ಟು ನಿಲ್ಲಬಾರದು. ಅಂಗಡಿಯಲ್ಲಿ ಪುಸ್ತಕ ಹೊಲಿಯುವ ಇಬ್ಬರು ಹೆಂಗಸರನ್ನು ಕೂರಿಸಿಕೊಂಡು, ತಾನು ಮಾಡಿದ್ದನ್ನು ಮೊದಲಿಂದ ಕೊನೆಯವರೆಗೆ ಹೇಳಿದಳು. ಆಮೇಲೆ ಎರಡೂ ಗುಂಡಿ ಒತ್ತಿದಳು.

ಮೊದಲ ಕಟ್ಟು ಸೊಟ್ಟಗೆ ಬಂತು.

"ಏಳು ತಿಂಗಳ ರಜಾ ಚೆನ್ನಾಗಿ ಕಾಣ್ತಿದೆ," ಎಂದ ತಮ್ಮ.

"ಬಾಯ್ಮುಚ್ಕೊಂಡು ಇನ್ನೊಂದು ಕಟ್ಟು ಕೊಡೋ!"

ತಮ್ಮ ಅಂಗಡಿ ಬಿಡಲಿಲ್ಲ. ಅಕ್ಕನಿಗೆ ಅವಳ ಕೆಲಸ ವಾಪಸ್ಸು ಸಿಕ್ಕಿತು. ತಮ್ಮನಿಗೆ ಬೆರಳ ತುದಿ ಸಿಗಲಿಲ್ಲ.