ಎರಡು ಕಡೆ ನಿಂತ ಲಾಲಪ್ಪ

ಮಾಧುರಿ ವಾಕಡದಲ್ಲಿ ಏಳುತ್ತಿದ್ದ ಒಂದು ಕಟ್ಟಡದ ಸೈಟ್ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ್ದು ೨೦೦೬ರ ದೀಪಾವಳಿ ಮುಗಿದ ಮೇಲೆ. ಕಂತ್ರಾಟುದಾರ ಅಪ್ಪಾಸಾಹೇಬ ಅವಳ ತಂದೆಯ ಊರಿನವನೇ, ಅಥಣಿ ಕಡೆಯವನು. ತಳೇಗಾಂವದ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದ ತಂದೆ ಲಕ್ವಾ ಹೊಡೆದು ಹಾಸಿಗೆ ಹಿಡಿದಾಗ ಅಪ್ಪಾಸಾಹೇಬ ತಾನಾಗಿಯೇ ಮನೆಗೆ ಬಂದು ಈ ಕೆಲಸ ಕೊಟ್ಟಿದ್ದ. ಅವಳು ಅವನನ್ನು ಕಾಕಾ ಎಂದೇ ಕರೆಯುತ್ತಿದ್ದಳು.

ಹಾಜರಿ ಬರೆಯುವುದು, ಸಿಮೆಂಟಿನ ಚೀಟಿ ಜೋಡಿಸುವುದು, ಶನಿವಾರ ಫೋಟೊ ತೆಗೆಯುವುದು ಅವಳ ಕೆಲಸ. ಫ್ಲ್ಯಾಟು ಬುಕ್ ಮಾಡಿದವರಿಗೆ ಕಟ್ಟಡ ಎಲ್ಲಿಗೆ ಬಂತು ಎಂದು ವಾರವಾರ ಆಫೀಸಿನ ಕಂಪ್ಯೂಟರಿನಲ್ಲೇ ತೋರಿಸಬೇಕಿತ್ತು. ನೀರಿನ ಟಾಕಿಯ ಮೇಲೆ ಹತ್ತಿ ಎಡದಿಂದ ಬಲಕ್ಕೆ ತಿರುಗುತ್ತ ಏಳು ಫೋಟೊ ತೆಗೆದರೆ, ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಕ್ಕಿದ್ದ ಒಂದು ಸಾಫ್ಟ್‌ವೇರ್ ಅವನ್ನು ಅಂಚಿಗೆ ಅಂಚು ಹೊಲಿದು ಒಂದೇ ಉದ್ದನೆಯ ಚಿತ್ರ ಮಾಡಿಕೊಡುತ್ತಿತ್ತು. ತಾರೀಖಿನ ಪ್ರಕಾರ ಜೋಡಿಸಿಡುತ್ತಿತ್ತು. ಬೇಡವಾದದ್ದನ್ನು ಅಳಿಸಲೂ ಅದರಲ್ಲಿ ದಾರಿಯಿತ್ತು. ಯಾರೂ ಕಲಿಸದೆ ಮಾಧುರಿ ಅದನ್ನೆಲ್ಲ ತಾನೇ ಕಲಿತಿದ್ದಳು. ಕೆಸರು, ಬೀದಿನಾಯಿ, ಶೆಡ್ಡಿನ ಮುಂದೆ ಒಣಹಾಕಿದ ಸೀರೆ, ಎಲ್ಲ ಒರೆಸಿಡುತ್ತಿದ್ದಳು. ಕಂಪ್ಯೂಟರ್ ಹಳೆಯದು, ಜಾಗ ಕಡಿಮೆ. ಹೊಲಿದ ಚಿತ್ರ ಸಿಕ್ಕ ಕೂಡಲೇ ಆ ಏಳು ಬಿಡಿ ಫೋಟೊಗಳನ್ನು ತೆಗೆದುಹಾಕಿಬಿಡುತ್ತಿದ್ದಳು.

ಯಾದಗಿರಿ ಕಡೆಯಿಂದ ಬಂದು ಗೋಡೆ ಕಟ್ಟುತ್ತಿದ್ದ ಗೌಂಡಿ ಲಾಲಪ್ಪನಿಗೆ ಈ ಫೋಟೊಗಳೆಂದರೆ ಬಲು ಹುಚ್ಚು.

"ಅಕ್ಕಾರ, ಆ ತುದೀಗೆ ನಾ ನಿಂತು, ನೀವು ತಿರುಗೂದ್ರಾಗ ಹಿಂದಿಂದ ಓಡಿ ಈ ತುದೀಗೆ ಬಂದ್ರ?" ಎಂದು ಒಮ್ಮೆ ಕೇಳಿದ.

"ಫೋಟೊದಾಗ ಎರಡೂ ಕಡೆ ಬೀಳ್ತಿ," ಎಂದು ಮಾಧುರಿ ನಕ್ಕಳು.

ಅವತ್ತಿನಿಂದ ಶನಿವಾರ ಬಂತೆಂದರೆ ಅವನು ಎಡತುದಿಯ ಜಲ್ಲಿ ರಾಶಿಯ ಹತ್ತಿರ ಕೈಕಟ್ಟಿ ನಿಲ್ಲುವುದು, ಕ್ಯಾಮೆರಾ ಆಚೆ ಹೊರಳಿದ್ದೇ ತಡ ಟಾಕಿಯ ಹಿಂದಿನಿಂದ ಓಡಿ ಬಲತುದಿಯ ಗೇಟಿನ ಬಳಿ ಏದುಸಿರಿನಲ್ಲಿ ನಿಲ್ಲುವುದು. ಗಾರೆ ಹೊರುತ್ತಿದ್ದ ಅವನ ಹೆಂಡತಿ ಯಮನವ್ವ ಬುಟ್ಟಿ ಇಳಿಸಿ ನಗುತ್ತಿದ್ದಳು.

ಫೆಬ್ರುವರಿಯ ಒಂದು ಮಂಗಳವಾರ ಮೂರನೇ ಅಂತಸ್ತಿನ ಸ್ಲ್ಯಾಬ್ ಕುಸಿಯಿತು. ಹಾಕಿ ಇನ್ನೂ ಐದೇ ದಿನವಾಗಿತ್ತು. ಕೆಳಗಿನ ಆಧಾರದ ಕಂಬಗಳನ್ನು ಬೇರೆ ಕಡೆ ಬೇಕೆಂದು ಅಪ್ಪಾಸಾಹೇಬ ಅಂದು ಬೆಳಿಗ್ಗೆ ಬಿಚ್ಚಿಸಿದ್ದ. ಕೆಳಗೆ ಗೋಡೆ ಕಟ್ಟುತ್ತಿದ್ದ ಲಾಲಪ್ಪ ಸಿಕ್ಕಿಹಾಕಿಕೊಂಡ. ಆಸ್ಪತ್ರೆ ಮುಟ್ಟುವುದರೊಳಗೆ ಜೀವ ಹೋಗಿತ್ತು.

ಮರುದಿನ ಮಧ್ಯಾಹ್ನ ಅಪ್ಪಾಸಾಹೇಬ ಆಫೀಸಿನ ಬಾಗಿಲು ಮುಂದೆ ಮಾಡಿಕೊಂಡು ಅವಳೆದುರು ಕೂತ.

"ಆ ಮನುಷ್ಯಾ ನಮ್ಮ ಆಳ ಅಲ್ಲ, ಮಾಧುರಿ. ಹೇಣ್ತೀನ ನೋಡಾಕ ಬಂದಿದ್ದ, ಹಂಗ ಒಳಗ ಹೋಗ್ಯಾನ. ತಿಳೀತಿಲ್ಲೋ?"

"ಕಾಕಾ, ಅವನ ಹಾಜರಿ ನಾನ ಬರದೀನಿ."

"ಆ ಪುಸ್ತಕ ಈಗ ಇಲ್ಲ. ಫೋಟೊ ಅಷ್ಟ ಉಳದಾವ. ಅದರಾಗ ಅಂವಾ ಎಲ್ಲೆಲ್ಲಿ ಅದಾನ, ತಗದ್ಹಾಕು." ಅವನು ಏಳುತ್ತ ಧ್ವನಿ ತಗ್ಗಿಸಿದ. "ನಿಮ್ಮಪ್ಪನ ಔಷಧದ ಚಿಂತಿ ನೀ ಮಾಡಬ್ಯಾಡ. ಅದಕ್ಕ ನಾ ಅದೀನಿ."

ಅವಳು ಮಾಡಿದಳು. ಪಕ್ಕದ ಮರಳನ್ನು ಎತ್ತಿ ಅವನ ಪಾದದ ಮೇಲೆ ಇಟ್ಟಳು, ಆಮೇಲೆ ಮೊಣಕಾಲು, ಎದೆ. ಮುಖ ಕೊನೆಗೆ. ಒಂಬತ್ತು ಚಿತ್ರಗಳಲ್ಲಿ ಅವನಿದ್ದ, ಒಂದೊಂದರಲ್ಲೂ ಎರಡೆರಡು ಸಲ. ನೆಲದ ಮೇಲಿನ ನೆರಳನ್ನೂ ಬಿಡದೆ ಒರೆಸಿದಳು. ಕೆಲಸ ಎಷ್ಟು ಅಚ್ಚುಕಟ್ಟಾಗಿ ಬಂದಿತ್ತೆಂದರೆ, ಅವಳಿಗೇ ಗುರುತು ಹತ್ತಲಿಲ್ಲ.

ಎಂಟನೇ ದಿನ ಸಾವಿನ ಪರಿಹಾರದ ವಿಚಾರಣೆಗೆ ಸರಕಾರಿ ಅಧಿಕಾರಿ ಬಂದ. ಅಷ್ಟರಲ್ಲಿ ಜತೆಯ ಆಳುಗಳನ್ನೆಲ್ಲ ಬೇರೆ ಸೈಟಿಗೆ ಸಾಗಿಸಿಯಾಗಿತ್ತು. ಯಮನವ್ವ ಬಾಗಿಲ ಹೊರಗೆ ಕೂತಿದ್ದಳು.

"ಇವು ಮೂಲ ಫೋಟೊಗಳೇ?" ಎಂದು ಅಧಿಕಾರಿ ಮರಾಠಿಯಲ್ಲಿ ಕೇಳಿದ.

"ಹೌದು," ಎಂದು ಮಾಧುರಿ ಹಾಗೆಂದು ಬರೆದ ಕಾಗದಕ್ಕೆ ಸಹಿ ಹಾಕಿದಳು.

ಯಮನವ್ವ ಎದ್ದು ಒಳಗೆ ಬಂದಳು. "ಅಕ್ಕಾರ, ಐತವಾರ ಬಿಟ್ಟು ಒಂದಿನಾ ತಪ್ಪಿಸಿಲ್ರಿ ಅಂವಾ. ನಿಮ್ಮ ಫೋಟೋದಾಗ ಎಷ್ಟ ಸರ್ತಿ ನಿಂತಾನ. ಹುಡುಕ್ರಿ, ಇವರಿಗೆ ತೋರಸ್ರಿ."

ಮಾಧುರಿ ಒಂಬತ್ತೂ ಚಿತ್ರಗಳನ್ನು ಒಂದೊಂದಾಗಿ ಸರಿಸಿದಳು. ಯಮನವ್ವ ಪರದೆಗೆ ಮೂಗು ತಾಗಿಸುವಷ್ಟು ಬಗ್ಗಿ ನೋಡಿದಳು. ಜಲ್ಲಿಯ ರಾಶಿ ಇತ್ತು, ಗೇಟು ಇತ್ತು.

"ಇಲ್ಲ, ಯಮನವ್ವಾ," ಎಂದಳು ಮಾಧುರಿ.

ಆಮೇಲೆ ಎರಡು ದಿನ ಅವಳು ಎಂದಿನಂತೆ ಆಫೀಸಿಗೆ ಬಂದು ಸಿಮೆಂಟಿನ ಚೀಟಿ ಜೋಡಿಸಿದಳು. ತಿದ್ದಿದ ಚಿತ್ರವನ್ನು ಉಳಿಸುವಾಗ ಆ ಸಾಫ್ಟ್‌ವೇರ್ ಮೊದಲಿನದರ ಪ್ರತಿಯನ್ನು ಒಂದು ಮರೆಯ ಫೋಲ್ಡರಿನಲ್ಲಿ ಇಟ್ಟಿರುತ್ತದೆಂದು ಅವಳಿಗೆ ಗೊತ್ತಿತ್ತು. ಅಪ್ಪಾಸಾಹೇಬನಿಗೆ ಗೊತ್ತಿರಲಿಲ್ಲ. ಮೂರನೇ ದಿನ ಅವನು ಹೊರಗೆ ಹೋದಾಗ ಆ ಒಂಬತ್ತನ್ನೂ ಸೀಡಿಗೆ ಹಾಕಿಕೊಂಡಳು. ಸ್ಟುಡಿಯೋದಲ್ಲಿ ಒಂದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ನೇರ ಅಧಿಕಾರಿಯ ಕಚೇರಿಗೆ ಹೋದಳು. ನಡೆದದ್ದನ್ನೆಲ್ಲ ಹೇಳಿದಳು.

ಅವನು ಫೋಟೊವನ್ನು ಮೇಜಿನ ಮೇಲೆ ಹರವಿ ಕನ್ನಡಕ ಹಾಕಿಕೊಂಡ. ಬಹಳ ಹೊತ್ತು ನೋಡಿದ.

"ಅವತ್ತು ಅದು ಮೂಲ ಅಂದಿರಿ. ಇವತ್ತು ಇದು ಮೂಲ ಅನ್ನುತ್ತೀರಿ. ಇದರಲ್ಲಿ ಒಬ್ಬನೇ ಮನುಷ್ಯ ಎರಡು ಕಡೆ ನಿಂತಿದ್ದಾನಲ್ಲ, ತಾಯಿ?"

"ಅವನು ಓಡಿ ಬರ್ತಿದ್ದ ಸಾಹೇಬ್ರೇ. ತಮಾಷೆಗೆ. ನಾನು ಕ್ಯಾಮೆರಾ ತಿರುಗಿಸುವಷ್ಟರಲ್ಲಿ..."

"ಬಿಡಿ ಫೋಟೊಗಳು ಎಲ್ಲಿ?"

"ಇಲ್ಲ. ಪ್ರತಿ ವಾರ ಅಳಿಸ್ತಿದ್ದೆ."

"ಮನುಷ್ಯನನ್ನು ತೆಗೆಯಲು ಬರುವವರಿಗೆ ಸೇರಿಸಲು ಬರುವುದಿಲ್ಲವೇ? ಅಪ್ಪಾಸಾಹೇಬರ ವಕೀಲ ಮೊದಲು ಇದನ್ನೇ ಕೇಳುತ್ತಾನೆ. ಇದಕ್ಕೆ ನಿಮ್ಮ ಉತ್ತರ ನಾನು ನಂಬಿದರೂ ಯಾರು ನಂಬುತ್ತಾರೆ?" ಅವನು ಫೋಟೊ ಸುರುಳಿ ಸುತ್ತಿ ವಾಪಸು ಕೊಟ್ಟ. "ವರದಿ ನಿನ್ನೆಯೇ ಮೇಲೆ ಹೋಯಿತು."

ಅಲ್ಲಿಂದ ಅವಳು ಶೆಡ್ಡಿಗೆ ಹೋದಳು. ಯಮನವ್ವ ಊರಿಗೆ ಹೊರಡಲು ಗಂಟು ಕಟ್ಟುತ್ತಿದ್ದಳು. ಕರೆದೊಯ್ಯಲು ಬಂದಿದ್ದ ಅಕ್ಕ ಚಂದಮ್ಮ ತಗಡಿನ ಪೆಟ್ಟಿಗೆಗೆ ಪಾತ್ರೆ ತುಂಬುತ್ತಿದ್ದಳು. ಮಾಧುರಿ ನಿಂತಲ್ಲೇ ಎಲ್ಲ ಹೇಳಿದಳು. ಕಾಕಾ ಅಂದದ್ದು, ತಾನು ಒರೆಸಿದ್ದು, ಇವತ್ತು ಕಚೇರಿಯಲ್ಲಿ ಆದದ್ದು.

ಯಮನವ್ವ ಹಗ್ಗ ಬಿಗಿಯುವುದನ್ನು ನಿಲ್ಲಿಸಲಿಲ್ಲ. ಗಂಟು ಮುಗಿದ ಮೇಲೆ ತಲೆ ಎತ್ತಿದಳು.

"ಅಳಸೂವಾಗ ಅವನ ಮಾರಿ ನೋಡಿದ್ರೇನ್ರಿ?"

"ನೋಡಿದೆ."

"ನೋಡಿ ಅಳಿಸಿದ್ರಿ."

ಮಾಧುರಿ ಹೌದೆಂದು ತಲೆ ಆಡಿಸಿದಳು. ಚಾಚಿದ ಫೋಟೊ ಅವಳ ಕೈಯಲ್ಲೇ ಉಳಿಯಿತು. ಕೊನೆಗೆ ಚಂದಮ್ಮನೇ ಬಂದು ಅದನ್ನು ಇಸಿದುಕೊಂಡು, ಬಿಚ್ಚಿ ನೋಡದೆ, ಪೆಟ್ಟಿಗೆಯಲ್ಲಿ ಪಾತ್ರೆಗಳ ಸಂದಿಯಲ್ಲಿ ತುರುಕಿದಳು. ಟೆಂಪೊ ಬಂತು. ಇಬ್ಬರೂ ಹತ್ತಿದರು. ಯಮನವ್ವ ಕಟ್ಟಡದ ಕಡೆಗೂ ನೋಡಲಿಲ್ಲ, ಮಾಧುರಿಯ ಕಡೆಗೂ ನೋಡಲಿಲ್ಲ.

ಮಾಧುರಿ ಆಫೀಸಿಗೆ ತಿರುಗಿ ಹೋಗಲಿಲ್ಲ. ಮನೆಗೆ ಬಂದು ಅಪ್ಪನಿಗೆ ಗಂಜಿ ಕುಡಿಸುತ್ತ ಕೆಲಸ ಬಿಟ್ಟದ್ದನ್ನೂ, ಯಾಕೆಂಬುದನ್ನೂ ಹೇಳಿದಳು. ಅಪ್ಪನ ಮಾತು ತೊದಲುತ್ತಿತ್ತು.

"ಖರೆ ಹೇಳಿ ಬಂದ್ಯಲ್ಲ... ಅಷ್ಟಾರ ಆತು," ಎಂದ.

"ಏನೂ ಆಗಲಿಲ್ಲಪ್ಪಾ," ಎಂದು ಅವಳು ಅವನ ಬಾಯಿ ಒರೆಸಿದಳು.