ತಾತನಿಗೆ ಕನ್ನಡ ಬರುವುದಿಲ್ಲ

ಏಕಾಂತಯ್ಯನವರು ಮೂವತ್ತೊಂದು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಬನಶಂಕರಿಯಿಂದ ಬೇಗೂರಿನವರೆಗೆ ಅವರು ಬಾಯಿ ಮುಚ್ಚಿದ್ದನ್ನು ಕಂಡ ಪ್ರಯಾಣಿಕರಿಲ್ಲ. ಅಂಥ ಮನುಷ್ಯ ಸ್ವಂತ ಮೊಮ್ಮಗಳ ಹತ್ತಿರ ಕನ್ನಡದಲ್ಲಿ ಮಾತಾಡಕೂಡದು ಅಂತ ಮನೆಯಲ್ಲಿ ತೀರ್ಮಾನವಾಯಿತು. ತೀರ್ಮಾನ ಮಾಡಿದವಳು ಸೊಸೆ ಅಲಮೇಲು. ಕೆಟ್ಟವಳೇನಲ್ಲ, ಸ್ವಲ್ಪ ಹೆಚ್ಚು ಓದಿಕೊಂಡವಳು, ಅಷ್ಟೇ.

ಮಗ ಚಿದಾನಂದನಿಗೆ ಚೆನ್ನೈನಿಂದ ವರ್ಗವಾಗಿ, ಸಂಸಾರವೆಲ್ಲ ಜೆ.ಪಿ. ನಗರದ ಮನೆಗೆ ಬಂದು ಇಳಿದು ಒಂದು ವಾರವೂ ಆಗಿರಲಿಲ್ಲ. ಮನೆಯಲ್ಲಿ ಎರಡು ಮೂರು ಭಾಷೆ ಇದ್ದರೆ ಒಬ್ಬೊಬ್ಬರು ಒಂದೊಂದೇ ಭಾಷೆ ಹಿಡಿದು ಮಗುವಿನ ಜೊತೆ ಮಾತಾಡಬೇಕು ಅಂತ ಅಲಮೇಲು ಎಲ್ಲೋ ಓದಿದ್ದಳು. ನಾಲ್ಕು ವರ್ಷದ ಸಮನ್ವಿತಾಗೆ ತಾಯಿಯಿಂದ ತಮಿಳು, ತಂದೆಯಿಂದ ಕನ್ನಡ. ಉಳಿದದ್ದು ಇಂಗ್ಲಿಷು, ಉಳಿದವರು ಏಕಾಂತಯ್ಯನವರು.

"ಹಗಲೆಲ್ಲಾ ಅವಳ ಜೊತೆ ಇರೋರು ನೀವೇ ತಾನೇ ಮಾವ" ಅಂದಳು ಅಲಮೇಲು. "ಸ್ಕೂಲ್ ಇಂಟರ್‌ವ್ಯೂಗೆ ಹತ್ತು ತಿಂಗಳಿದೆ. ಅಲ್ಲೀವರೆಗೆ ಅವಳ ಕಿವಿಗೆ ನಿಮ್ಮ ಕನ್ನಡ ಬೀಳಬಾರದು."

"ನಂಗೆ ಬರೋದು ಬಸ್ಸಿನ ಇಂಗ್ಲಿಷ್ ಕಣಮ್ಮ."

"ಪರವಾಗಿಲ್ಲ ಮಾವ. ಶುರು ಮಾಡಕ್ಕೆ ಅಷ್ಟು ಸಾಕು."

ಚಿದಾನಂದ ಫೋನು ನೋಡುತ್ತಿದ್ದ. ಅವನು ಚಿಕ್ಕವನಿದ್ದಾಗ ಏಕಾಂತಯ್ಯನವರಿಗೆ ಒಂದು ದಿನ ಬೆಳಗಿನ ಪಾಳಿ, ಒಂದು ದಿನ ರಾತ್ರಿ ಪಾಳಿ. ಮಗನ ಜೊತೆ ಕೂತು ನಾಲ್ಕು ಮಾತಾಡಿದ್ದು ಅವರಿಗೆ ನೆನಪಿಲ್ಲ. ಮೊಮ್ಮಗಳ ಹತ್ತಿರವಾದರೂ ಬಾಯಿ ತುಂಬ ಮಾತಾಡಬೇಕು, ಕಂಡದ್ದು ಕೇಳಿದ್ದೆಲ್ಲ ಹೇಳಬೇಕು ಅಂತ ವರ್ಷಗಟ್ಟಲೆ ಆಸೆ ಇಟ್ಟುಕೊಂಡಿದ್ದರು. ಆ ಆಸೆಗೆ ಸೊಸೆ ಕಲ್ಲು ಹಾಕಿದಳು. ಆದರೂ ಅವರು ಒಪ್ಪಿದರು. ಮಗುವಿನ ಸ್ಕೂಲಿನ ವಿಷಯಕ್ಕೆ ಅಡ್ಡ ಬಂದ ಮುದುಕ ಅನ್ನಿಸಿಕೊಳ್ಳುವುದು ಯಾರಿಗೆ ಬೇಕು.

ಅಂತೂ ಇಂಗ್ಲಿಷು ಶುರುವಾಯಿತು. ಮಗು ಸೋಫಾದ ಮೇಲೆ ನಿಂತರೆ "ನೋ ಸ್ಟ್ಯಾಂಡಿಂಗ್". ಊಟಕ್ಕೆ ಕರೆಯಬೇಕಾದರೆ "ಮೂವ್ ಫ್ರಂಟ್". ಓಡಬೇಡ ಅನ್ನುವುದಕ್ಕೆ "ಹೋಲ್ಡಾನ್", ಇನ್ನು ಹೋಗಬಹುದು ಅನ್ನುವುದಕ್ಕೆ "ರೈಟ್ ರೈಟ್". ಮೂರು ವಾರದಲ್ಲಿ ಸರಕು ಮುಗಿಯಿತು. ಅಲಮೇಲು ನಲವತ್ತು ವಾಕ್ಯ ಬರೆದುಕೊಟ್ಟಳು, ಅವರು ಬಾಯಿಪಾಠ ಮಾಡಿದರು. ಸಮನ್ವಿತಾ ಪ್ಲೇ ಹೋಮಿಗೆ ಹೋದ ಎರಡು ಗಂಟೆ ಪುಟ್ಟೇನಹಳ್ಳಿ ಕೆರೆಯ ಬೆಂಚಿನಲ್ಲಿ ಹಳೆಯ ಡ್ರೈವರ್ ಬೋರಯ್ಯನನ್ನು ಹಿಡಿದು ಕೂರಿಸಿ, ದಿನದ ಕನ್ನಡವನ್ನೆಲ್ಲ ಅವನ ಕಿವಿಗೆ ಸುರಿದು ಬರುತ್ತಿದ್ದರು. ಬೋರಯ್ಯ ಬರಬರುತ್ತಾ ತಡವಾಗಿ ಬರತೊಡಗಿದ.

ಎಡವಟ್ಟಾಗಿದ್ದು ಸೊಪ್ಪಿನ ಗಾಡಿಯ ಹತ್ತಿರ. ಸೊಪ್ಪಿನ ಮುನಿಯಕ್ಕ ಏಕಾಂತಯ್ಯನವರಿಗೆ ಆರು ವರ್ಷದ ಪರಿಚಯ.

"ಏನ್ ಸಾರ್, ದಂಟು ಕೊಡ್ಲಾ, ಸಬ್ಬಸಿಗೆನಾ?"

ಪಕ್ಕದಲ್ಲಿ ಸಮನ್ವಿತಾ ಕೈ ಹಿಡಿದು ನಿಂತಿದ್ದಾಳೆ. ಏಕಾಂತಯ್ಯನವರು ಗಂಟಲು ಸರಿಮಾಡಿಕೊಂಡರು. "ಗಿವ್ ದಿಸ್" ಅಂದರು.

ಮುನಿಯಕ್ಕ ಅವರ ಮುಖವನ್ನೇ ನೋಡಿದಳು. "ಯಾಕ್ ಸಾರ್, ಮೈಗೆ ಹುಷಾರಿಲ್ವಾ?"

ಸಮನ್ವಿತಾ ಮುಂದೆ ಬಂದಳು. "ಆಂಟಿ, ನಮ್ ತಾತಂಗೆ ಕನ್ನಡ ಬರಲ್ಲ. ಪಾಪ." ಆಮೇಲೆ ತಾತನ ಕಡೆ ತಿರುಗಿ, "ತಾತ, ಶಿ ಈಸ್ ಆಸ್ಕಿಂಗ್ ಆರ್ ಯು ಓಕೆ" ಎಂದು ಬಿಡಿಸಿ ಹೇಳಿದಳು. ಏಕಾಂತಯ್ಯನವರು "ಓಕೆ" ಅಂದರು. ಮುನಿಯಕ್ಕ ಕೇಳದೆಯೇ ಒಂದು ಕಟ್ಟು ಕೊತ್ತಂಬರಿ ಹೆಚ್ಚಿಗೆ ಹಾಕಿದಳು.

ಅವತ್ತು ಮಧ್ಯಾಹ್ನವೇ ಸಮನ್ವಿತಾ ಸ್ಲೇಟು ತಂದು ತಾತನ ಎದುರು ಕೂತಳು. "ತಾತ, ರಿಪೀಟ್. ನೀರು."

ಏಕಾಂತಯ್ಯನವರು ಅತ್ತಿತ್ತ ನೋಡಿದರು. ಇದು ಮಾತಲ್ಲ, ಪಾಠ. ಪಾಠ ಬೇಡ ಅಂತ ಸೊಸೆ ಹೇಳಿರಲಿಲ್ಲ. "ನೀರು" ಅಂದರು. "ಗುಡ್, ಓವರ್" ಅಂತ ಸಮನ್ವಿತಾ ಎದ್ದೇಬಿಟ್ಟಳು. ಮಾರನೆಯ ದಿನ ಅವರು ಬುದ್ಧಿ ಕಲಿತಿದ್ದರು. ಎಲೆ ಅನ್ನುವುದನ್ನು ಇಲೆ ಅಂದರು, ಯಾಲೆ ಅಂದರು, ಒಂದೇ ಪದವನ್ನು ಅರ್ಧ ಗಂಟೆ ಎಳೆದರು. ಎಷ್ಟು ತಪ್ಪಿದರೆ ಅಷ್ಟು ಹೊತ್ತು ಮೊಮ್ಮಗಳು ಮೊಣಕಾಲಿಗೆ ಒರಗಿ ಕನ್ನಡ ಹೇಳಿಕೊಡುತ್ತಿದ್ದಳು. ಬಿಟ್ಟಾರೆಯೇ, ದಿನವೂ ಅದೇ ನಡೆಸಿದರು. ಇಡೀ ದಿನದಲ್ಲಿ ಅವರಿಗೆ ಸುಖವಾಗುತ್ತಿದ್ದದ್ದು ಆ ಅರ್ಧ ಗಂಟೆ ಮಾತ್ರ.

ಹತ್ತು ತಿಂಗಳು ಕಳೆದು ಇಂಟರ್‌ವ್ಯೂ ಬಂತು. ಮೇಡಂ ಮಗುವನ್ನು ಇಂಗ್ಲಿಷಿನಲ್ಲಿ ಕೇಳಿದರು, ಮನೆಯಲ್ಲಿ ಏನು ಮಾಡುತ್ತೀಯ ಅಂತ.

"ಐ ಟೀಚ್ ಕನ್ನಡ ಟು ಮೈ ತಾತ" ಅಂದಳು ಸಮನ್ವಿತಾ. "ಹಿ ಈಸ್ ವೆರಿ ಸ್ಲೋ. ಬಟ್ ಐ ಡೋಂಟ್ ಸ್ಕೋಲ್ಡ್."

ಸೀಟು ಸಿಕ್ಕಿತು.

ಫೀಸು ಕಟ್ಟಿ ಮನೆಗೆ ಬಂದ ಅಲಮೇಲು ಚಪ್ಪಲಿ ಬಿಡುವ ಮೊದಲೇ ಹೇಳಿದಳು. "ಸಾಕು ಮಾವ, ಇನ್ಮೇಲೆ ನಿಮಗೆ ಹೇಗೆ ಬೇಕೋ ಹಾಗೆ ಮಾತಾಡಿ. ಎಲ್ಲಾ ನಿಮ್ಮಿಂದಾನೇ ಆಗಿದ್ದು."

ಏಕಾಂತಯ್ಯನವರಿಗೆ ಕೈಕಾಲು ನಿಲ್ಲಲಿಲ್ಲ. ಬಾಲ್ಕನಿಯಲ್ಲಿ ಆಡುತ್ತಿದ್ದ ಮೊಮ್ಮಗಳ ಪಕ್ಕ ನೆಲದಲ್ಲೇ ಕೂತರು. "ಸಮೂ, ಬಾ ಇಲ್ಲಿ ಕಂದ. ಬೇಗೂರಲ್ಲಿ ಒಂದಿನ ನಮ್ ಬಸ್ಸಿಗೆ ಒಂದು ಟಗರು ಹತ್ಕೊಂಡ್‌ಬಿಡ್ತು. ಇಳೀ ಅಂದ್ರೆ ಇಳೀತಾನೇ ಇಲ್ಲ. ಟಿಕೆಟ್ ತಗೊಂಡಿರೋನ್ ಥರ ಕಿಟಕಿ ಪಕ್ಕ ನಿಂತ್ಕೊಂಡು…"

ಸಮನ್ವಿತಾ ನಗಲಿಲ್ಲ. ಕೈಯಲ್ಲಿದ್ದ ಆಟಿಕೆ ಕೆಳಗಿಟ್ಟಳು.

"ನಾನು ಅಷ್ಟೊಂದು ಹೇಳ್ಕೊಟ್ಟೇ ಇಲ್ವಲ್ಲ" ಅಂದಳು. "ಯಾರ ಹತ್ರ ಕಲ್ತೆ?"

ಮಗುವಿನ ಕೆಳತುಟಿ ನಡುಗುತ್ತಿತ್ತು.

"ಹಂಗಾದ್ರೆ ನಿಂಗೆ ಇನ್ನು ನನ್ ಪಾಠ ಬೇಡ್ವಾ?"

ಬೇಡ ಅಂದರೆ ಟಗರಿನ ಕಥೆ ಮುಗಿಸಬಹುದಿತ್ತು. ಅದರ ಹಿಂದೆ ಮೂವತ್ತೊಂದು ವರ್ಷದ ಕಥೆಗಳು ಸಾಲುಗಟ್ಟಿ ನಿಂತಿದ್ದವು. ಏಕಾಂತಯ್ಯನವರು ಆ ಮುಖವನ್ನು ನೋಡಿದರು.

"ಬೇಕು" ಅಂದರು.

ಪದ ನೆಟ್ಟಗೆ ಹೊರಡಲಿಲ್ಲ. ಈ ಸಲ ಅದು ನಾಟಕವಾಗಿರಲಿಲ್ಲ. ಸಮನ್ವಿತಾ ಕಣ್ಣೊರೆಸಿಕೊಂಡು ಹತ್ತಿರ ಸರಿದು ಅವರ ಗಲ್ಲ ಹಿಡಿದಳು. "ಬೇಕು" ಅಂತ ನಿಧಾನವಾಗಿ ಬಾಯಿ ಅಗಲಿಸಿ ತೋರಿಸಿ, ಇನ್ನೊಂದು ಸಲ ಹೇಳಿಸಿದಳು.